ಲಕ್ಷಣ, ಉಪದ್ರವ, ವ್ಯಾಪತ್ತು: ಕನ್ನಡದ ಆರೋಗ್ಯಬರಹಗಳ ಭಾಷೆಯನ್ನು ಕುರಿತು

೧

ನಮ್ಮಲ್ಲಿ ವಿಮರ್ಶೆಯೆಂದರೆ ಕಾವ್ಯವಿಮರ್ಶೆಯೆಂದೇ ರೂಢಿಯಾಗಿದೆ. ಕಾವ್ಯಗಳ ರಸಭಾವಗಳನ್ನು ತೂಗಿ ನೋಡುವ ವಿದ್ವಾಂಸರೂ ಶಾಸ್ತ್ರಗ್ರಂಥಗಳ ಬಳಿಗೆ ಬಂದಾಗ ಕರ್ತೃವಿನ ಕಾಲ, ಮತ, ಆಶ್ರಯದಾತ, ಛಂದಸ್ಸು ಇವಿಷ್ಟನ್ನು ನಿರ್ಣಯಿಸಿ ಮುಂದಕ್ಕೆ ಸಾಗುವುದುಂಟು. ಗ್ರಂಥವು ತಾನು ಹೇಳಹೊರಟ ವಿಷಯವನ್ನು ಓದುಗನಿಗೆ ತಿಳಿಯುವಂತೆ ಹೇಳಿತೆ, ಇಲ್ಲವೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಅಪೂರ್ವ. ಆದರೆ ಶಾಸ್ತ್ರದ ಭಾಷೆಗೆ ಇದಕ್ಕಿಂತ ಮಿಗಿಲಾದ ಪರೀಕ್ಷೆ ಬೇರೊಂದಿಲ್ಲ. ಕಾವ್ಯದಲ್ಲಿ ಒಂದು ಪದ ಜಾರಿದರೆ ರಸಕ್ಕೆ ಕುಂದು ಬರುವುದು. ವೈದ್ಯವನ್ನು ಕುರಿತ ಬರಹದಲ್ಲಿ ಒಂದು ಪದ ಜಾರಿದರೆ ಓದಿದವನ ದೇಹಕ್ಕೆ ಹಾನಿ ತಟ್ಟುವುದು.

ಪ್ರಕೃತ ಲೇಖನದಲ್ಲಿ ನಾನು ವಿಚಾರಿಸಬೇಕೆಂದಿರುವುದು ಇಷ್ಟೆ: ಸಾಮಾನ್ಯ ರೋಗಗಳು, ಅವುಗಳ ಗುರುತುಗಳು, ಚಿಕಿತ್ಸೆಯಿಂದಲೇ ಉಂಟಾಗುವ ತೊಂದರೆಗಳು, ಈ ಮೂರನ್ನು ಕನ್ನಡದ ಓದುಗನು ಒಂದರಿಂದೊಂದನ್ನು ಬೇರ್ಪಡಿಸಿ ತಿಳಿಯುವಂತೆ ನಮ್ಮ ಬರಹಗಳು ಹೇಳುತ್ತಿವೆಯೆ? ಪ್ರಾಚೀನ ವೈದ್ಯವಾಙ್ಮಯದಲ್ಲಿ ಈ ವಿವೇಕವಿದ್ದಿತು, ಇಂದಿನ ಆರೋಗ್ಯಬರಹದಲ್ಲಿ ಅದು ಬಹುಮಟ್ಟಿಗೆ ಮಸುಕಾಗಿದೆ, ಅದನ್ನು ಮತ್ತೆ ತಂದುಕೊಳ್ಳುವ ಕೆಲಸದಲ್ಲಿ ವೈದ್ಯರಿಗಿರುವಷ್ಟೇ ಹೊಣೆ ಭಾಷೆಯನ್ನು ಬೋಧಿಸುವವರಿಗೂ ಇದೆ ಎಂಬುದೇ ನನ್ನ ಅಭಿಪ್ರಾಯ.

೨

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಹಳೆಯದು. ೧೧ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯಕ್ಕೂ ಎಡೆಯುಂಟು. ೧೨ನೆಯ ಶತಮಾನದಲ್ಲಿ ಚಾಲುಕ್ಯವಂಶದ ಕೀರ್ತಿವರ್ಮನು ಗೋವೈದ್ಯವನ್ನೂ, ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನೂ ರಚಿಸಿದರು. ೧೪ನೆಯ ಶತಮಾನದಲ್ಲಿ ಮೊದಲನೆಯ ಮಂಗರಾಜನು ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದನು. ಇದು ಮದ್ರಾಸು ವಿಶ್ವವಿದ್ಯಾನಿಲಯದಿಂದ ೧೯೪೨ರಲ್ಲಿ ಪ್ರಕಟವಾಗಿ ವಿದ್ವಾಂಸರ ಕೈಗೆ ಬಂದಿತು.

ಈ ಗ್ರಂಥಕಾರರು ರೋಗವನ್ನು ಕಾಣುವ ಬಗೆ ಕಾವ್ಯಕಾರರದಕ್ಕಿಂತ ಬೇರೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಿ ರೋಗವು ವೈರಾಗ್ಯವನ್ನು ಬೆಳಗಿಸುವ ವಸ್ತು. ಅಲ್ಲಿ ಒಂದು ರೋಗವನ್ನು ಇನ್ನೊಂದರಿಂದ ಬೇರ್ಪಡಿಸುವ ಅಗತ್ಯವಿಲ್ಲ. ಶಾಸ್ತ್ರಕಾರನಿಗಾದರೋ ಬೇರ್ಪಡಿಸುವುದೇ ಮುಖ್ಯ ಕಾರ್ಯ. ಆ ಶಾಸ್ತ್ರವು ಬಳಸುವ ಪರಿಭಾಷೆಗೆ ಮೂಲವು ಸಂಸ್ಕೃತದ ಚರಕ, ಸುಶ್ರುತ, ವಾಗ್ಭಟಾದಿಗಳ ಸಂಹಿತೆಗಳು. ಅದರಲ್ಲಿ ನಾಲ್ಕು ಶಬ್ದಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. ರೋಗವು ತನ್ನನ್ನು ತಾನೇ ತೋರಿಸಿಕೊಳ್ಳುವ ಗುರುತು ರೂಪ ಅಥವಾ ಲಕ್ಷಣ. ಅದು ಪೂರ್ತಿಯಾಗಿ ಮೂಡುವುದಕ್ಕೆ ಮುನ್ನ ಕಾಣುವ ಸೂಚನೆ ಪೂರ್ವರೂಪ. ಮೂಲರೋಗವನ್ನು ಆಶ್ರಯಿಸಿ ಆಮೇಲೆ ಹುಟ್ಟುವ ಬೇರೊಂದು ವ್ಯಾಧಿ ಉಪದ್ರವ. ಚಿಕಿತ್ಸೆಯ ದೆಸೆಯಿಂದಲೇ ಉಂಟಾಗುವ ಕೇಡು ವ್ಯಾಪತ್ತು. ವಮನ ವಿರೇಚನಗಳಿಂದಾಗುವ ವ್ಯಾಪತ್ತುಗಳನ್ನು ಚರಕಸಂಹಿತೆಯು ಹತ್ತೆಂದೂ ಸುಶ್ರುತಸಂಹಿತೆಯು ಹದಿನೈದೆಂದೂ ಎಣಿಸುತ್ತವೆ. ಇಷ್ಟೇ ಅಲ್ಲ, ಅಂತಹ ಕೇಡಿಗೆ ಪರಿಚಾರಕ, ಔಷಧ, ವೈದ್ಯ, ರೋಗಿ ಈ ನಾಲ್ವರಲ್ಲಿ ಯಾರ ಕೊರತೆಯೂ ಕಾರಣವಾಗಬಹುದೆಂದು ಚರಕನು ಹೇಳುತ್ತಾನೆ. ಒಂದು ರೋಗವನ್ನು ಅಡಗಿಸಿ ಮತ್ತೊಂದನ್ನು ಕೆರಳಿಸುವ ಪ್ರಯೋಗವು ಶುದ್ಧವಾದುದಲ್ಲವೆಂಬ ನಿರ್ಣಯವೂ ಆ ಗ್ರಂಥದಲ್ಲಿಯೇ ಉಂಟು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ಪ್ರಾಚೀನರು ವಾತಪಿತ್ತಕಫಗಳಿಂದ ರೋಗದ ಕಾರಣವನ್ನು ವಿವರಿಸಿದ ಬಗೆಯನ್ನು ಇಂದಿನ ದೇಹವಿಜ್ಞಾನಕ್ಕೆ ಸಮಾನವೆಂದು ನಾನು ಹೇಳುತ್ತಿಲ್ಲ. ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ಕೋಖ್ ಎಂಬ ವಿಜ್ಞಾನಿ ೧೮೮೨ರಲ್ಲಿ ತೋರಿಸಿದ ಮೇಲೆ ಆ ರೋಗದ ನಿದಾನವೇ ಬೇರೆಯಾಯಿತು. ನಾವು ಹಿಂದಿನವರಿಂದ ಪಡೆಯಬೇಕಾದುದು ಅವರ ಉತ್ತರಗಳನ್ನಲ್ಲ, ಪ್ರಶ್ನೆಗಳನ್ನು. ಈ ನೋವು ರೋಗದ್ದೆ, ರೋಗದಿಂದ ಹುಟ್ಟಿದ ಇನ್ನೊಂದು ರೋಗದ್ದೆ, ಅಥವಾ ಮದ್ದಿನದೆ ಎಂಬ ಪ್ರಶ್ನೆ ಅಂದಿಗೆಷ್ಟೋ ಇಂದಿಗೂ ಅಷ್ಟೇ ನಿಜವಾದುದು.

೩

ಇನ್ನು ಇಂದಿನ ಬರಹಕ್ಕೆ ಬರೋಣ. ವೃತ್ತಪತ್ರಿಕೆಗಳ ಅಂಕಣಗಳು, ಆಸ್ಪತ್ರೆಗಳಲ್ಲಿ ಹಂಚುವ ಕರಪತ್ರಗಳು, ಜನಸಾಮಾನ್ಯರಿಗಾಗಿ ಬರೆದ ಪುಸ್ತಕಗಳು ಇವೆಲ್ಲವುಗಳಲ್ಲಿ ಔಷಧದಿಂದಾಗುವ ಅನಪೇಕ್ಷಿತ ಫಲಕ್ಕೆ ‘ಅಡ್ಡಪರಿಣಾಮ’ ಎಂಬ ಮಾತು ನೆಲೆಗೊಂಡಿದೆ. ಇದು ಇಂಗ್ಲಿಷಿನಿಂದ ಮಾಡಿಕೊಂಡ ಶಬ್ದ. ಮೂಲದಲ್ಲಿ ‘ಪಕ್ಕದ’ ಎಂಬಷ್ಟೇ ಅರ್ಥವುಳ್ಳ ವಿಶೇಷಣವು ಕನ್ನಡದಲ್ಲಿ ‘ಅಡ್ಡ’ ಆದಾಗ ಅದರ ಬಣ್ಣವೇ ಬದಲಾಯಿತು. ನಮ್ಮಲ್ಲಿ ಅಡ್ಡವೆಂಬುದು ತಡೆಯ ಮಾತು, ಸೊಟ್ಟತನದ ಮಾತು: ಅಡ್ಡಿ, ಅಡ್ಡಗಾಲು, ಅಡ್ಡದಾರಿ, ಅಡ್ಡಮಾತು, ಇವುಗಳಲ್ಲಿ ಯಾವುದೂ ಒಳ್ಳೆಯದನ್ನು ಹೇಳುವುದಿಲ್ಲ. ಆದುದರಿಂದ ಆ ಪದವನ್ನು ಓದಿದವನಿಗೆ, ಮದ್ದು ಸರಿದಾರಿ ಬಿಟ್ಟು ಅಡ್ಡದಾರಿ ಹಿಡಿದಿದೆಯೆಂಬ ಭಾವನೆ ತಾನಾಗಿಯೇ ಮೂಡುತ್ತದೆ. ಕೆಲವರು ಬಳಸುವ ‘ದುಷ್ಪರಿಣಾಮ’ವು ಇದಕ್ಕಿಂತ ಕಠಿಣ, ‘ಪಾರ್ಶ್ವಪರಿಣಾಮ’ವು ಅರ್ಥದಲ್ಲಿ ಮೂಲಕ್ಕೆ ಹತ್ತಿರವಾದರೂ, ಪಾರ್ಶ್ವವಾಯುವಿನ ನೆನಪನ್ನು ತಂದು ರೋಗಿಯನ್ನು ಬೇರೊಂದು ಬಗೆಯಲ್ಲಿ ಬೆದರಿಸುತ್ತದೆ.

ವಸ್ತುಸ್ಥಿತಿಯನ್ನು ನೋಡಿದರೆ, ಔಷಧದ ಮುಖ್ಯಫಲ ಮತ್ತು ಪಕ್ಕದ ಫಲ ಎಂಬ ಭೇದವು ಔಷಧದಲ್ಲಿಲ್ಲ, ನಮ್ಮ ಉದ್ದೇಶದಲ್ಲಿದೆ. ಆಸ್ಪಿರಿನ್ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ತಗ್ಗಿಸುತ್ತದೆ. ತಲೆನೋವಿಗಾಗಿ ಅದನ್ನು ನುಂಗಿದವನಿಗೆ ಈ ಗುಣವು ಬೇಡವಾದುದು. ಹೊಟ್ಟೆಯಲ್ಲಿ ಹುಣ್ಣಿದ್ದವನಿಗೆ ರಕ್ತಸ್ರಾವವನ್ನೂ ತರಬಲ್ಲುದು. ಹೃದಯಾಘಾತವಾದವನಿಗೆ ಕೊಡುವಾಗ ಅದೇ ಗುಣವು ಮುಖ್ಯಫಲ. ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಎಂಬ ಔಷಧವು ಮೈಮೇಲೆ ಕೂದಲನ್ನು ಬೆಳೆಸುವುದು ಕಂಡುಬಂದು, ಮುಂದೆ ಅದನ್ನು ಬೋಳುತಲೆಗೆ ಹಚ್ಚುವುದು ವಾಡಿಕೆಯಾಯಿತು. ಈ ದ್ವಂದ್ವವನ್ನು ನಮ್ಮ ನುಡಿ ಬಹುಕಾಲದಿಂದಲೂ ಬಲ್ಲುದು. ‘ಮದ್ದು’ ಎಂಬ ಒಂದೇ ಪದವು ಗುಣಪಡಿಸುವ ಔಷಧಕ್ಕೂ, ಅನ್ನದಲ್ಲಿ ಬೆರಸಿ ಕೊಟ್ಟರೆಂದು ಜನರು ಅಂಜುವ ಕೈಮದ್ದಿಗೂ, ಕೋವಿಗೆ ತುಂಬುವ ಪುಡಿಗೂ ಸಲ್ಲುತ್ತದೆ. ಸರಿಯಾಗಿ ಬಳಸಿದ ವಿಷವು ಔಷಧವಾಗುವುದೆಂದೂ, ತಪ್ಪಾಗಿ ಬಳಸಿದ ಔಷಧವು ವಿಷವಾಗುವುದೆಂದೂ ಚರಕನು ಹೇಳಿದ ತತ್ತ್ವವು ಈ ಎರಡಕ್ಷರದಲ್ಲಿ ಅಡಗಿದೆ.

೪

ಪದದ ದೋಷಕ್ಕಿಂತ ವಾಕ್ಯದ ದೋಷವು ಹೆಚ್ಚು ಅಪಾಯಕಾರಿ. ಮಾದರಿಗಾಗಿ ಒಂದು ವಾಕ್ಯವನ್ನು ನಾನೇ ರಚಿಸಿಕೊಡುತ್ತೇನೆ. ಇದರಂತಹವನ್ನು ವಾಚಕರೆಲ್ಲರೂ ಕಂಡಿರಬಹುದು. “ಕ್ಷಯರೋಗದ ಔಷಧಿಗಳ ಸೇವನೆಯಿಂದ ವಾಕರಿಕೆ, ಮೂತ್ರದ ವರ್ಣವ್ಯತ್ಯಾಸ, ಕಾಮಾಲೆ, ದೃಷ್ಟಿಮಾಂದ್ಯ ಮುಂತಾದ ಅಡ್ಡಪರಿಣಾಮಗಳು ಉಂಟಾಗಬಹುದು.”

ಈ ವಾಕ್ಯದಲ್ಲಿ ಸುಳ್ಳೆಂಬುದು ಒಂದೂ ಇಲ್ಲ; ಆದರೂ ಇದು ಓದುಗನಿಗೆ ದ್ರೋಹ ಮಾಡುತ್ತದೆ. ಮೊದಲನೆಯದಾಗಿ, ಇದು ನಿರಪಾಯವಾದುದನ್ನೂ ಪ್ರಾಣಾಪಾಯವಾದುದನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ರಿಫಾಂಪಿಸಿನ್ ಎಂಬ ಮದ್ದನ್ನು ತೆಗೆದುಕೊಂಡವರ ಮೂತ್ರ, ಬೆವರು, ಕಣ್ಣೀರು ಕಿತ್ತಳೆಗೆಂಪಿಗೆ ತಿರುಗುವುದು ಸಹಜ. ಅದು ಮದ್ದಿನ ಬಣ್ಣ. ಅದರಿಂದ ಯಾವ ಹಾನಿಯೂ ಇಲ್ಲ. ಕಾಮಾಲೆಯಾದರೋ ಯಕೃತ್ತಿಗೆ ಪೆಟ್ಟು ಬಿದ್ದುದರ ಗುರುತು, ಆಗ ತಡಮಾಡುವಂತಿಲ್ಲ. ಇಥಾಂಬುಟಾಲಿನಿಂದ ದೃಷ್ಟಿ ಮಸುಕಾದರೆ, ಕೆಂಪು ಹಸುರುಗಳ ಭೇದ ತಿಳಿಯದಂತಾದರೆ, ಅದು ಕಣ್ಣಿನ ನರಕ್ಕೆ ಸಂಬಂಧಪಟ್ಟುದು. ಅಲ್ಲಿಯೂ ಕೂಡಲೇ ವೈದ್ಯರನ್ನು ಕಾಣಬೇಕು. ಎರಡನೆಯದಾಗಿ, ‘ಉಂಟಾಗಬಹುದು’ ಎಂಬ ಕ್ರಿಯಾಪದ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಆಗುವುದಕ್ಕೂ ಸಾವಿರಕ್ಕೊಬ್ಬನಿಗೆ ಆಗುವುದಕ್ಕೂ ಕನ್ನಡದ ‘ಬಹುದು’ ಒಂದೇ. ಮೂರನೆಯದಾಗಿ, ‘ಮುಂತಾದ’ ಎಂಬುದು. ಶಾಸ್ತ್ರದಲ್ಲಿ ಆದಿಶಬ್ದವನ್ನು ಬಳಸಿದಾಗ ಅದರಿಂದ ಏನನ್ನು ಗ್ರಹಿಸಬೇಕೆಂದು ವ್ಯಾಖ್ಯಾನಕಾರನು ಹೇಳುತ್ತಾನೆ, ಕರಪತ್ರಕ್ಕೆ ವ್ಯಾಖ್ಯಾನಕಾರನಿಲ್ಲ. ಆ ತೆರೆದ ಬಾಗಿಲಿನಿಂದ ಓದುಗನ ಭಯವೆಲ್ಲವೂ ಒಳಕ್ಕೆ ಬರುತ್ತದೆ.

ಇದರ ಫಲವೇನು? ಮೂತ್ರವು ಕೆಂಪಾದುದನ್ನು ಕಂಡ ರೋಗಿ, ಅದು ರಕ್ತವೆಂದು ಬಗೆದು, ಯಾರಿಗೂ ಹೇಳದೆ ಮಾತ್ರೆಯನ್ನು ಬಿಟ್ಟುಬಿಡುವ ಸಂಭವವುಂಟು. ಕ್ಷಯದ ಸಾಮಾನ್ಯ ಚಿಕಿತ್ಸೆ ಆರು ತಿಂಗಳಿನದು. ನಡುವೆ ಬಿಟ್ಟರೆ ಉಳಿದ ಕ್ರಿಮಿಗಳು ಮದ್ದಿಗೆ ಬಗ್ಗದಂತಾಗುವುವು. ಆಮೇಲೆ ಅವನಿಗೂ, ಅವನ ಕೆಮ್ಮಿನಿಂದ ರೋಗ ತಗುಲಿದವರಿಗೂ ಹಿಂದಿನ ಮದ್ದು ನಾಟದು. ಕ್ಷಯರೋಗದ ರಾಷ್ಟ್ರೀಯ ಸಂಸ್ಥೆಯು ೧೯೫೯ರಿಂದ ಬೆಂಗಳೂರಿನಲ್ಲಿಯೇ ಇದೆ. ಈ ರೋಗವನ್ನು ಕುರಿತ ಶಾಸ್ತ್ರಜ್ಞಾನಕ್ಕೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಆ ಜ್ಞಾನವು ರೋಗಿಯ ಮನೆಯ ಬಾಗಿಲನ್ನು ಮುಟ್ಟುವ ವಾಕ್ಯದಲ್ಲಿ ಕೊರತೆಯಿದೆ.

ಅದೇ ವಿಷಯವನ್ನು ಹೀಗೆ ಬರೆಯಬಹುದಾಗಿತ್ತು: “ಈ ಮಾತ್ರೆ ತೆಗೆದುಕೊಂಡಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಮದ್ದಿನ ಬಣ್ಣ, ರಕ್ತವಲ್ಲ. ಹೆದರಿ ಮಾತ್ರೆ ಬಿಡಬೇಡಿ. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ. ಅಪೂರ್ವವಾಗಿ ಕಣ್ಣಿನ ಬಿಳಿ ಹಳದಿಯಾದರೆ, ಇಲ್ಲವೆ ನೋಟ ಮಂಜಾದರೆ, ಅಂದೇ ಆಸ್ಪತ್ರೆಗೆ ಹೋಗಿ ತೋರಿಸಿ.” ಇಲ್ಲಿ ವಾಕ್ಯಗಳು ಹೆಚ್ಚಾದುವು, ನಿಜ. ಆದರೆ ‘ತಿರುಗುತ್ತದೆ’, ‘ಕೆಲವರಿಗೆ’, ‘ಅಪೂರ್ವವಾಗಿ’ ಎಂಬ ಮಾತುಗಳು ‘ಬಹುದು’ ಮಾಡದಿದ್ದ ಕೆಲಸವನ್ನು ಮಾಡುತ್ತವೆ. ಪ್ರತಿಯೊಂದು ಗುರುತಿನ ಪಕ್ಕದಲ್ಲಿಯೂ ಮಾಡಬೇಕಾದುದೇನೆಂಬುದು ನಿಂತಿದೆ.

೫

ಮದ್ದಿನ ಫಲಗಳಂತೆಯೇ ರೋಗಲಕ್ಷಣಗಳ ವಿಷಯದಲ್ಲಿಯೂ ಬರಹವು ಆಡುಮಾತಿಗಿಂತ ಬಡವಾಗಿದೆ. ನೋವಿನ ಬಗೆಗಳನ್ನು ಹೇಳಲು ನಮ್ಮ ಜನರ ಬಾಯಲ್ಲಿರುವ ಪದಸಂಪತ್ತು ಅಲ್ಪವಾದುದಲ್ಲ: ತಲೆ ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ಹೊಟ್ಟೆ ಹಿಂಡುತ್ತದೆ, ಪಾದ ಜೋಮು ಹಿಡಿಯುತ್ತದೆ, ಬೆರಳು ಮರಗಟ್ಟುತ್ತದೆ, ಕಣ್ಣು ಕತ್ತಲಿಡುತ್ತದೆ. ಇವುಗಳಲ್ಲಿ ಒಂದೊಂದೂ ವೈದ್ಯನಿಗೆ ಒಂದೊಂದು ಸುಳಿವು. ಬರಹಕ್ಕೆ ಬಂದೊಡನೆ ಇವೆಲ್ಲವೂ ‘ನೋವು’, ‘ಸಂವೇದನಾಹೀನತೆ’, ‘ತೊಂದರೆ’ ಎಂಬ ಮೂರು ನಾಲ್ಕು ಮಾತುಗಳಲ್ಲಿ ಕರಗಿಹೋಗುತ್ತವೆ. ‘ಎದೆನೋವು’ ಎಂದು ಮಾತ್ರ ಬರೆದರೆ, ಆಹಾರ ಹುಳಿಯೇರಿ ಬರುವ ಎದೆಯುರಿಯೂ ಹೃದಯದ ರಕ್ತನಾಳ ಕಟ್ಟಿ ಬರುವ ಸಂಕಟವೂ ಒಂದೇ ಆದುವು. ಎದೆಯ ಮೇಲೆ ಭಾರ ಹೇರಿದಂತೆ, ಹಿಂಡಿದಂತೆ ಆಗುವುದು, ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು ಬರುವುದು, ಇಷ್ಟನ್ನು ಹೇಳದ ಬರಹವನ್ನು ಓದಿದವನು ‘ಗ್ಯಾಸ್’ ಎಂದುಕೊಂಡು ಮನೆಯಲ್ಲಿಯೇ ಕುಳಿತರೆ ಅವನ ತಪ್ಪೇನು? ಮಧುಮೇಹವಿರುವವರಲ್ಲಿ ಆ ನೋವು ಎಷ್ಟೋ ವೇಳೆ ಮಂದವಾಗಿರುವುದೆಂಬುದನ್ನೂ ಸೇರಿಸಿ ಹೇಳಬೇಕು.

ಮಧುಮೇಹದ ಪ್ರಸ್ತಾಪ ಬಂದುದರಿಂದ, ಲಕ್ಷಣ, ಉಪದ್ರವ, ವ್ಯಾಪತ್ತುಗಳ ಭೇದ ಎಷ್ಟು ಅಗತ್ಯವೆಂಬುದಕ್ಕೆ ಇಲ್ಲಿಯೇ ಸ್ಪಷ್ಟವಾದ ನಿದರ್ಶನ ದೊರೆಯುತ್ತದೆ. ಪ್ರಮೇಹದ ಪೂರ್ವರೂಪಗಳಲ್ಲಿ ಚರಕನು ಬಾಯಾರಿಕೆ, ಕೈಕಾಲುಗಳ ಜೋಮು ಮತ್ತು ಉರಿ, ಮೂತ್ರಕ್ಕೆ ಇರುವೆ ಮುತ್ತುವುದು ಇವನ್ನು ಹೇಳಿದ್ದಾನೆ. ಅವನ ಕಣ್ಣು ಎಷ್ಟು ಸೂಕ್ಷ್ಮವಾದುದೆಂದು ಆಶ್ಚರ್ಯವಾಗುತ್ತದೆ. ಇಂದು ನಾವು ಬಲ್ಲಂತೆ, ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಕೆಟ್ಟು ಪಾದ ಜೋಮು ಹಿಡಿಯುತ್ತದೆ, ಇದು ಉಪದ್ರವ. ಆದರೆ ಅದೇ ಕಾಯಿಲೆಗೆ ಬಹುವರ್ಷ ಮೆಟ್‌ಫಾರ್ಮಿನ್ ಸೇವಿಸಿದ ಕೆಲವರಲ್ಲಿ ಬಿ೧೨ ಜೀವಸತ್ತ್ವವು ಕಡಿಮೆಯಾಗಿ ಅದರಿಂದಲೂ ಪಾದ ಜೋಮು ಹಿಡಿಯುವುದುಂಟು; ಇದು ವ್ಯಾಪತ್ತು. ರೋಗಿಗೆ ಎರಡೂ ಒಂದೇ ಅನುಭವ. ಚಿಕಿತ್ಸೆ ಮಾತ್ರ ಬೇರೆ: ಎರಡನೆಯದನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿದು ಆ ಜೀವಸತ್ತ್ವವನ್ನು ಕೊಟ್ಟು ಸರಿಪಡಿಸಲು ಸಾಧ್ಯ. ‘ಸಕ್ಕರೆ ಕಾಯಿಲೆಯವರಿಗೆ ಕಾಲು ಜೋಮು ಸಹಜ’ ಎಂದು ಬರೆದು ಮುಗಿಸುವ ಲೇಖಕನು ಆ ಸಾಧ್ಯತೆಯ ಬಾಗಿಲನ್ನೇ ಮುಚ್ಚಿದಂತಾಯಿತು.

ಇನ್ನೂ ಒಂದು. ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಮುಂತಾದ ಮದ್ದು ತೆಗೆದುಕೊಂಡು ಊಟ ತಪ್ಪಿಸಿದವನಿಗೆ ರಕ್ತದ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ಹಸಿವು, ಮನಸ್ಸಿನ ಗಲಿಬಿಲಿ ಕಾಣುವುವು. ‘ಶುಗರ್ ಬಂದಿದೆ’ ಎಂಬ ರೂಢಿಯ ಮಾತಿನಲ್ಲಿ ಸಕ್ಕರೆ ಏರುವುದೊಂದೇ ರೋಗ. ಇಳಿಯುವುದಕ್ಕೆ ಮಾತೇ ಇಲ್ಲ. ಆದುದರಿಂದ ಈ ನಡುಕವನ್ನು ರೋಗ ಹೆಚ್ಚಿದುದರ ಗುರುತೆಂದು ತಿಳಿದು ಇನ್ನೊಂದು ಮಾತ್ರೆ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಪ್ರಜ್ಞೆಯಿರುವಾಗಲೇ ಸಕ್ಕರೆಯ ನೀರನ್ನು ಕುಡಿಸುವುದು ಆಗಿನ ಉಪಾಯ. ಹಾಗೆಯೇ ರಕ್ತದೊತ್ತಡಕ್ಕೆ ಎನಲಾಪ್ರಿಲ್ ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಕಾಲಿನ ಹರಡು ಊದುತ್ತದೆ. ಮೊದಲನೆಯವನು ಕೆಮ್ಮಿನ ಔಷಧವನ್ನು ಕೊಳ್ಳುತ್ತಾನೆ, ಎರಡನೆಯವನು ಮೂತ್ರಪಿಂಡ ಕೆಟ್ಟಿತೆಂದು ಕೊರಗುತ್ತಾನೆ. ವೈದ್ಯನಿಗೆ ಹೇಳಿದರೆ ಮದ್ದನ್ನು ಬದಲಾಯಿಸಲು ಸಾಧ್ಯವೆಂಬುದು ಇಬ್ಬರಿಗೂ ತಿಳಿಯದು.

೬

ಇಲ್ಲಿ ಕೆಲವು ಆಕ್ಷೇಪಗಳು ಬರಬಹುದು. ಮದ್ದಿನ ಕೇಡುಗಳನ್ನು ಬಿಚ್ಚಿ ಹೇಳಿದರೆ ರೋಗಿ ಹೆದರಿ ಮದ್ದನ್ನೇ ಬಿಡುವನೆಂಬುದು ಮೊದಲನೆಯದು. ಹೇಳುವುದರಿಂದ ಹುಟ್ಟುವ ಭಯಕ್ಕಿಂತ, ಹೇಳದೆ ಅನುಭವಿಸಿದಾಗ ಹುಟ್ಟುವ ಭಯ ದೊಡ್ಡದೆಂಬುದು ಇದಕ್ಕೆ ಸಮಾಧಾನ. ಮುನ್ನವೇ ತಿಳಿದಿದ್ದವನಿಗೆ ಕೆಂಪಾದ ಮೂತ್ರವು ಮದ್ದು ಮೈಗೆ ಸೇರಿತೆಂಬ ಸಾಕ್ಷಿ, ತಿಳಿಯದವನಿಗೆ ಮರಣಸೂಚನೆ.

‘ನಮ್ಮ ನಾಡಮದ್ದಿಗೆ ಅಡ್ಡಪರಿಣಾಮವೇ ಇಲ್ಲ, ಆದುದರಿಂದ ಈ ವಿಚಾರವು ವಿದೇಶೀಯ ವೈದ್ಯಕ್ಕೆ ಮಾತ್ರ ಸಂಬಂಧಿಸಿದುದು’ ಎಂಬುದು ಎರಡನೆಯ ಆಕ್ಷೇಪ. ಜಾಹೀರಾತುಗಳಲ್ಲಿ ಈ ಮಾತು ಹೇರಳವಾಗಿದೆ. ಇದನ್ನು ಖಂಡಿಸಲು ಹೊರಗಿನ ಪ್ರಮಾಣ ಬೇಕಾಗಿಲ್ಲ. ವ್ಯಾಪತ್ತುಗಳನ್ನು ಎಣಿಸಿದ ಸಂಹಿತೆಗಳೇ ಸಾಕು, ಗಿಡಬೇರುಗಳ ವಿಷವನ್ನೂ ಸ್ಥಾವರವಿಷವೆಂದು ವಿಚಾರಿಸುವ ಖಗೇಂದ್ರಮಣಿದರ್ಪಣದ ಪರಂಪರೆಯೇ ಸಾಕು. ವತ್ಸನಾಭಿಯನ್ನು ಶೋಧಿಸದೆ ಬಳಸಬಾರದೆಂದು ಆಯುರ್ವೇದವೇ ವಿಧಿಸುತ್ತದೆ. ಸೌಮ್ಯವೆಂದು ಹೆಸರಾದ ಜ್ಯೇಷ್ಠಮಧುವನ್ನು ಸಹ ಬಹುದಿನ ಅತಿಯಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ದೋಷವೇ ಇಲ್ಲದ ಮದ್ದೆಂದು ಹೊಗಳುವವರು ಪ್ರಾಚೀನರನ್ನು ಗೌರವಿಸುತ್ತಿಲ್ಲ, ಅವರ ಎಚ್ಚರಿಕೆಯನ್ನು ಮರೆತಿದ್ದಾರೆ.

ಉಪದ್ರವ, ವ್ಯಾಪತ್ತು ಎಂಬ ಸಂಸ್ಕೃತಶಬ್ದಗಳು ಜನರಿಗೆ ಅರ್ಥವಾಗವೆಂಬುದು ಮೂರನೆಯದು. ಇದನ್ನು ನಾನು ಒಪ್ಪುತ್ತೇನೆ. ಉಪದ್ರವವು ಈಗ ಕಾಟವೆಂಬ ಅರ್ಥಕ್ಕೆ ಇಳಿದಿದೆ. ವ್ಯಾಪತ್ತು ಬಳಕೆಯಲ್ಲಿಯೇ ಇಲ್ಲ. ಶಬ್ದಗಳನ್ನು ಉಳಿಸಬೇಕೆಂಬ ಹಟ ನನಗಿಲ್ಲ. ಭೇದವನ್ನು ಉಳಿಸಬೇಕೆಂಬುದೇ ನನ್ನ ಆಗ್ರಹ. ‘ರೋಗದ ಗುರುತು’, ‘ರೋಗದ ತೊಡಕು’, ‘ಮದ್ದಿನ ತೊಡಕು’ ಎಂದರೆ ಯಾವ ಕನ್ನಡಿಗನಿಗೂ ತಿಳಿಯುತ್ತದೆ. ಕೆಡುಕಿಲ್ಲದ ಬದಲಾವಣೆಯನ್ನು ತೊಡಕೆನ್ನದೆ ‘ಮದ್ದಿನ ಗುಣ’ವೆಂದರಾಯಿತು.

೭

ನಮ್ಮ ಆಧುನಿಕ ಬರಹಗಾರರಲ್ಲಿ ಈ ದಾರಿಯನ್ನು ತೋರಿದವರು ಇಲ್ಲದಿಲ್ಲ. ವೈದ್ಯರೂ ಸಾಹಿತಿಗಳೂ ಆಗಿದ್ದ ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು, ಮನಸ್ಸಿನ ರೋಗವನ್ನು ಕುರಿತ ಕನ್ನಡ ಗ್ರಂಥವೊಂದು ಸಾಹಿತ್ಯವೆಂದು ಮನ್ನಣೆ ಪಡೆದುದು ಸಣ್ಣ ಸಂಗತಿಯಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’ಯ ಹೆಸರಿನಲ್ಲಿಯೇ ಸಂಬೋಧನೆಯಿದೆ. ಯಾರಿಗೆ ಹೇಳುತ್ತಿದ್ದೇನೆಂಬುದನ್ನು ಮರೆಯದ ಲೇಖಕನ ಭಾಷೆ ತಾನಾಗಿಯೇ ತಿಳಿಯಾಗುತ್ತದೆ. ಇಂದಿನ ಕರಪತ್ರಗಳ ದೋಷಗಳಿಗೆಲ್ಲ ಮೂಲವು ಈ ಮರೆವೆಂದೇ ತೋರುತ್ತದೆ: ಅವು ಯಾರನ್ನೂ ಉದ್ದೇಶಿಸಿ ಮಾತನಾಡುವುದಿಲ್ಲ.

ಆದುದರಿಂದ ವಿದ್ವಾಂಸರಲ್ಲಿ ನನ್ನ ವಿಜ್ಞಾಪನೆ ಎರಡು. ಪ್ರಾಚೀನ ವೈದ್ಯಗ್ರಂಥಗಳಲ್ಲಿ ರೋಗಲಕ್ಷಣಗಳನ್ನು ಹೇಳುವ ಅಚ್ಚಗನ್ನಡ ಪದಗಳನ್ನು ಆರಿಸಿ, ಅವುಗಳಲ್ಲಿ ಇಂದಿಗೂ ಜನರ ಬಾಯಲ್ಲಿ ಉಳಿದಿರುವುವು ಯಾವುವೆಂದು ಗುರುತಿಸುವ ಕೆಲಸವು ನಿಘಂಟುಕಾರರಿಂದ ಆಗಬೇಕು. ಸಾಹಿತ್ಯವನ್ನು ಬೋಧಿಸುವವರು ತರಗತಿಯಲ್ಲಿ ಕಾವ್ಯಭಾಗದ ಜತೆಗೆ ಒಂದು ಔಷಧದ ಕರಪತ್ರವನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಇದರಲ್ಲಿ ಯಾವುದು ರೋಗದ ಗುರುತು, ಯಾವುದು ಮದ್ದಿನ ತೊಡಕು, ‘ಬಹುದು’ ಎಂಬಲ್ಲಿ ಎಷ್ಟು ಮಂದಿಗೆ, ಯಾವಾಗ ಎಂದು ಕೇಳಬೇಕು. ಅನ್ವಯ ಮಾಡುವುದನ್ನು ಕಲಿಸುವುದು ನಮ್ಮ ಹಳೆಯ ಕಸಬು. ಹಳಗನ್ನಡ ಪದ್ಯಕ್ಕೆ ಅನ್ವಯ ತಪ್ಪಿದರೆ ವಿದ್ಯಾರ್ಥಿಗೆ ನಾಲ್ಕು ಅಂಕ ಹೋಗಬಹುದು. ಮನೆಯಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ ಆಗಿ, ಅಜ್ಜಿಯ ಮಾತ್ರೆಯ ಚೀಟಿಯನ್ನು ಅವನೇ ಓದಿ ಹೇಳಬೇಕಾದಾಗ ಅನ್ವಯ ತಪ್ಪಿದರೆ, ಅದಕ್ಕೆ ತೆರಬೇಕಾದ ಬೆಲೆಯೇ ಬೇರೆ.